ಆಶೀರ್ವಾದಪ್ಪನವರ ದಾನಪತ್ರ

“ಅಮ್ಮ, ಆಶೀರ್ವಾದ ತಾತ ತಮ್ಮನ್ನ ದೇವರಿಗೆ ಬರ್ಕೊಟ್‌ಬಿಟ್ರೆ, ಆಮೇಲೆ ಊಟ ಯಾರ ಮನೇಲಿ ಮಾಡ್ತಾರೆ?”

ಮೇಘನ ಇದನ್ನು ಕೇಳಿದಾಗ ಅವಳ ಬಾಯಲ್ಲಿ ಅರ್ಧ ಇಡ್ಲಿ ಇತ್ತು. ನಾನು ಮಂಚದ ಕೆಳಗೆ ತಲೆ ತೂರಿಸಿ ಅವಳ ಎರಡನೇ ಸಾಕ್ಸ್ ಹುಡುಕುತ್ತಿದ್ದೆ. ಒಂದನೇ ಕ್ಲಾಸಿನ ಮಗು ಬೆಳಗ್ಗೆ ಎಂಟೂವರೆಗೆ ಕೇಳುವ ಪ್ರಶ್ನೆಗಳಿಗೆಲ್ಲ ನನ್ನ ಹತ್ತಿರ ಒಂದೇ ಉತ್ತರ ಇರುವುದು: “ಮೊದ್ಲು ನುಂಗು.” ಅವಳು ನುಂಗಿದಳು. ನುಂಗಿ ಮತ್ತೆ ಕೇಳಿದಳು.

ತಪ್ಪು ನನ್ನದೇ. ಸ್ಕೂಲು ಬಿಟ್ಟ ಮೇಲೆ ಅವಳನ್ನು ಅಂಗಡಿಯಲ್ಲಿ ಕೂರಿಸಿಕೊಳ್ಳುತ್ತೇನೆ. ಶ್ರೀನಿವಾಸಪುರದ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅಲ್ಲಿ ಕಿವಿಗೆ ಬೀಳುವುದೆಲ್ಲ ವಿಭಾಗಪತ್ರ, ಕ್ರಯಪತ್ರ, ಅಣ್ಣತಮ್ಮಂದಿರ ಬೈಗುಳ. ಮಗು ‘ಅ’ ಅಂದರೆ ಅಳಿಲು ಅನ್ನುವ ಮೊದಲೇ ‘ಅ’ ಅಂದರೆ ಅಡಮಾನ ಅನ್ನುವಂತಾಗಿದೆ.

ಅಂಗಡಿ ಮುಂದೆ ಒಂದು ಹಳೇ ಹುಣಸೇಮರ. ಅದರ ಬುಡದಲ್ಲಿ ಎರಡು ಮೇಜು. ಒಂದು ಆಶೀರ್ವಾದಪ್ಪನವರದು. ಇನ್ನೊಂದು ಮುನಿಶಾಮಿಯವರದು. ಇಬ್ಬರೂ ಪತ್ರ ಬರೆಯುವವರು. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುವುದರಿಂದ ಅವರು ಹಾಳೆಯಲ್ಲಿ ಬರೆಯುತ್ತಾರೆ, ನಾನು ಟೈಪ್ ಮಾಡುತ್ತೇನೆ. ಇಬ್ಬರೂ ಒಂದೇ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಮಾತು ಬಿಟ್ಟು ಹನ್ನೊಂದು ವರ್ಷ.

ಆಶೀರ್ವಾದಪ್ಪನವರಿಗೆ ಅರವತ್ತಾರು. ತಂದೆ ಕೋಲಾರದಲ್ಲಿ ಕಾಂಪೌಂಡರ್ ಆಗಿದ್ದರಂತೆ. ಮಗನೂ ಮದ್ದು ಅರೆಯಲಿ ಅಂತ ಅವರ ಆಸೆ. ಮಗನ ಅಕ್ಷರ ನೋಡಿ ಡಾಕ್ಟರೇ, “ಇಷ್ಟು ದುಂಡಗೆ ಬರೆಯೋನು ನಮ್ಮ ಕಡೆಗೆ ಬೇಡ, ರೋಗಿಗಳಿಗೆ ಎಲ್ಲ ಅರ್ಥ ಆಗ್ಬಿಡುತ್ತೆ” ಅಂದರಂತೆ. ಹಾಗೆ ಇಪ್ಪತ್ತೈದನೇ ವಯಸ್ಸಿಗೆ ಈ ಊರಿಗೆ ಬಂದವರು. ರಾಯಲ್ಪಾಡಿನ ಕಡೆಯ ಮಾವಿನ ತೋಪುಗಳಲ್ಲಿ ಅರ್ಧಕ್ಕರ್ಧ ಇವರ ಕೈಬರಹದಲ್ಲೇ ಅಪ್ಪನಿಂದ ಮಗನಿಗೆ ಹೋಗಿವೆ.

ನಲವತ್ತು ವರ್ಷ ಪತ್ರ ಬರೆದ ನಾಲಗೆಗೆ ಬೇರೆ ಮಾತು ಬರುವುದಿಲ್ಲ. ಕಾಫಿ ಹೇಳುವಾಗಲೂ “ಸದರಿ ಕಾಫಿಗೆ ಸಕ್ಕರೆ ಇಲ್ಲದಂತೆ” ಅನ್ನುತ್ತಾರೆ. ಒಮ್ಮೆ ಮುಳಬಾಗಿಲು ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಹೆಂಡತಿಯಿಂದ ತಪ್ಪಿಹೋದರು. ಆಕೆ ಗ್ರೇಸಮ್ಮ. ಫೋನ್ ಮಾಡಿ “ಎಲ್ಲಿದೀರಾ?” ಅಂತ ಕೇಳಿದರೆ ಇವರು, “ಪೂರ್ವಕ್ಕೆ ಕಬ್ಬಿನ ಹಾಲಿನ ಗಾಡಿ, ಪಶ್ಚಿಮಕ್ಕೆ ಶೌಚಾಲಯದ ಗೋಡೆ, ಉತ್ತರಕ್ಕೆ ಆಂಧ್ರದ ಬಸ್ಸು, ದಕ್ಷಿಣಕ್ಕೆ ಒಂದು ಹಸು. ಈ ಮಧ್ಯೆ ಇದೀನಿ” ಅಂದರಂತೆ. ಜಮೀನಿನ ನಾಲ್ಕು ಎಲ್ಲೆ ಹೇಳುವ ಚಕ್ಕುಬಂದಿಯ ಕ್ರಮ ಅದು. ಗ್ರೇಸಮ್ಮ ಹುಡುಕಿಕೊಂಡು ಹೋಗುವಷ್ಟರಲ್ಲಿ ಬಸ್ಸು ಹೊರಟಿತ್ತು, ಹಸು ಪಶ್ಚಿಮಕ್ಕೆ ಬಂದಿತ್ತು. “ಎಲ್ಲೆ ತಪ್ಪಿತ್ತು, ಅದಕ್ಕೇ ಅರ್ಧ ಗಂಟೆ ಆಯ್ತು” ಅಂತ ಆಕೆ ಇವತ್ತಿಗೂ ಹೇಳುತ್ತಾರೆ.

ಇಂಥ ಮನುಷ್ಯನಿಗೆ ಡಿಸೆಂಬರ್ ಕೊನೇ ವಾರದಲ್ಲಿ ಒಂದು ಸಂಕಟ ಬಂತು.

ಅವರ ಚರ್ಚಿನಲ್ಲಿ ಹೊಸ ವರ್ಷದ ಮೊದಲನೇ ಭಾನುವಾರ ಒಡಂಬಡಿಕೆ ಆರಾಧನೆ ಅಂತ ನಡೆಯುತ್ತದೆ. ಎಲ್ಲರೂ ಎದ್ದು ನಿಂತು, ನನ್ನ ಬಾಳನ್ನು ನಿನಗೆ ಒಪ್ಪಿಸಿದ್ದೇನೆ ಸ್ವಾಮಿ ಅಂತ ದೇವರಿಗೆ ಮಾತು ಕೊಡಬೇಕು. ಆಶೀರ್ವಾದಪ್ಪನವರು ನಲವತ್ತೊಂದು ವರ್ಷ ಕೊನೇ ಬೆಂಚಿನಲ್ಲಿ ನಿಂತು ಗುಂಪಿನ ಜೊತೆ ಗೊಣಗಿಕೊಂಡು ಬಂದಿದ್ದರು. ಈ ಸಲ ಬಂದ ಹೊಸ ಪಾಸ್ಟರ್ ವಯಸ್ಸಿನಲ್ಲಿ ಸಣ್ಣವರು. ಇವರ ಕಂಚಿನ ಕಂಠ ಕೇಳಿ, “ಈ ವರ್ಷ ನೀವೇ ಮುಂದೆ ನಿಂತು ಹೇಳಿಕೊಡಿ. ಆದ್ರೆ ಹೇಳೋ ಮುಂಚೆ ಒಂದ್ಸಲ ಯೋಚನೆ ಮಾಡಿ, ನಾವು ಕೊಟ್ಟಿದೀವಾ ಇಲ್ವಾ ಅಂತ” ಅಂದುಬಿಟ್ಟರು.

ಮಾರನೇ ದಿನ ಆಶೀರ್ವಾದಪ್ಪನವರು ಅಂಗಡಿಗೆ ಬಂದಾಗ ಮುಖ ಸಪ್ಪಗಿತ್ತು.

“ಶ್ಯಾಮಲಮ್ಮ, ನಾನು ಮೋಸಗಾರ ಕಣಮ್ಮ.”

“ಯಾಕೆ ಸಾರ್? ಏನಾಯ್ತು?”

“ಒಂದೇ ಸ್ವತ್ತನ್ನ ಒಬ್ಬರಿಗೇ ನಲವತ್ತೊಂದು ಸಲ ಬರ್ಕೊಟ್ಟಿದೀನಿ. ಒಂದ್ಸಲಾನೂ ಸ್ವಾಧೀನ ಕೊಟ್ಟಿಲ್ಲ. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನಾನೇ ಕೇಸ್ ಹಾಕಿ ಅಂತಿದ್ದೆ.”

ಯಾವ ಸೈಟು ಅಂತ ನಾನು ಕೇಳಿದೆ. ಅವರು ತಮ್ಮ ಎದೆ ತೋರಿಸಿದರು.

“ಈ ಕೈ ಇವತ್ತಿನವರೆಗೆ ಒಂದು ಸುಳ್ಳು ಪತ್ರ ಬರೆದಿಲ್ಲ. ಭಾನುವಾರ ಎಲ್ಲರ ಮುಂದೆ ನಿಂತು ಈ ಬಾಯಿ ಸುಳ್ಳು ಹೇಳ್ಬೇಕಾ? ಆಗಲ್ಲ. ಸರಿಯಾಗಿ ಬರೆದೇ ಕೊಡ್ತೀನಿ. ಬಾಯಿಮಾತಿನ ಕರಾರು ಕೋರ್ಟಲ್ಲೂ ನಿಲ್ಲಲ್ಲ, ಪರಲೋಕದಲ್ಲೂ ನಿಲ್ಲಲ್ಲ.”

ಎರಡು ದಿನ ಕೂತು ಬರೆದರು. ನಾಲ್ಕು ಉದ್ದನೆಯ ಹಾಳೆ. ನನ್ನ ಮುಂದಿಟ್ಟು, “ಟೈಪ್ ಮಾಡಮ್ಮ. ಒಂದು ಅಕ್ಷರ ಬಿಡಬೇಡ” ಅಂದರು. ಶುರು ಹೀಗಿತ್ತು:

“ಶ್ರೀನಿವಾಸಪುರ ಟೌನ್ ವಾಸಿ ಲೇಟ್ ದೇವಸಹಾಯಂ ರವರ ಮಗನಾದ ಸುಮಾರು ಅರವತ್ತಾರು ವರ್ಷ ವಯಸ್ಸುಳ್ಳ ಆಶೀರ್ವಾದಪ್ಪ ಆದ ನಾನು, ಪರಲೋಕ ವಾಸಿಗಳಾದ ಯೇಸುಸ್ವಾಮಿಯವರಿಗೆ, ಯಾರ ಬಲವಂತವೂ ಇಲ್ಲದೆ, ನನ್ನ ಸ್ವಇಚ್ಛೆಯಿಂದ ಬರೆದುಕೊಟ್ಟ ಜೀವದಾನ ಪತ್ರದ ಕ್ರಮವೇನೆಂದರೆ...”

“ಸಾರ್, ಬರೆಸ್ಕೊಳ್ಳೋರ ವಯಸ್ಸು ಖಾಲಿ ಇದೆ.”

“ಅನಾದಿ ಅಂತ ಹಾಕು.”

“ಆಧಾರ್ ನಂಬರು?”

ಅವರು ಸ್ವಲ್ಪ ಯೋಚಿಸಿದರು. “ಜಾಗ ಬಿಡು. ಲೋಕಕ್ಕೆಲ್ಲ ಆಧಾರ ಆಗಿರೋರನ್ನ ನಂಬರ್ ಕೇಳೋಕಾಗುತ್ತಾ?”

ಚಕ್ಕುಬಂದಿ ಬಂತು. ಪೂರ್ವಕ್ಕೆ ಹೆಂಡತಿ ಗ್ರೇಸಮ್ಮ. ಪಶ್ಚಿಮಕ್ಕೆ ಸದರಿ ಗ್ರೇಸಮ್ಮನ ತಮ್ಮ. ಉತ್ತರಕ್ಕೆ ಸಕ್ಕರೆ ಕಾಯಿಲೆ. ದಕ್ಷಿಣಕ್ಕೆ ಚರ್ಚಿನ ಸಮಾಧಿ ತೋಟ. ಈ ಮಧ್ಯೆ ಇರುವ ನನ್ನ ಪ್ರಾಣ.

ಅಷ್ಟರಲ್ಲಿ ಸ್ಟಾಂಪ್ ಡ್ಯೂಟಿಯ ಯೋಚನೆ ಹತ್ತಿತು ಅವರಿಗೆ. ಸ್ವತ್ತಿನ ಬೆಲೆ ಎಷ್ಟು ಅಂತ ತೋರಿಸುವುದು? ಗಟ್ಟಿಯಾಗಿ ಕೇಳಿಕೊಂಡರು. ಮರದ ಆ ಕಡೆಯಿಂದ ಮುನಿಶಾಮಿಯವರು, ಕೊಂಬೆ ಮೇಲಿನ ಕಾಗೆಗೆ ಹೇಳುವವರ ಹಾಗೆ ತಲೆ ಎತ್ತಿ ಹೇಳಿದರು: “ಬರೀ ಕಲ್ಲು, ಮುಳ್ಳು, ಉಳೋಕೂ ಬಾರದು. ಖರಾಬು ಅಂತ ಹಾಕಿದ್ರೆ ಡ್ಯೂಟಿನೇ ಬರಲ್ಲ.”

ಆಶೀರ್ವಾದಪ್ಪನವರು ಕಿವಿ ಕೆಂಪಗೆ ಮಾಡಿಕೊಂಡು ನನಗೆ ಹೇಳಿದರು, “ಮರದ ದಕ್ಷಿಣ ದಿಕ್ಕಿನಲ್ಲಿರೋ ಮನುಷ್ಯರಿಗೆ ಹೇಳಮ್ಮ, ಕೇಳದೆ ಸಲಹೆ ಕೊಡೋದು ಬೇಡ ಅಂತ.” ನನ್ನ ಅಂಗಡಿ ಹನ್ನೊಂದು ವರ್ಷದ ಅಂಚೆ ಕಚೇರಿ. ಮೊದಲು ನನ್ನ ಅತ್ತೆ ನಡೆಸುತ್ತಿದ್ದರು, ಈಗ ನಾನು. ಇಬ್ಬರ ನಡುವೆ ಆರಡಿ ದೂರ ಇದ್ದರೂ ಕಾಗದ ನನ್ನ ಮೂಲಕವೇ ಹೋಗಬೇಕು.

ಬೆಂಚಿನ ಮೇಲೆ ರಾಯಲ್ಪಾಡಿನ ಅಕ್ಕಯಮ್ಮ ಕೂತಿದ್ದರು, ಮಾವಿನ ತೋಪಿನ ಪಹಣಿ ಜೆರಾಕ್ಸ್ ಮಾಡಿಸಲಿಕ್ಕೆ. ಕೆನ್ನೆಗೆ ಕೈ ಕೊಟ್ಟು ಎಲ್ಲ ಕೇಳಿಸಿಕೊಂಡು ಅಂದರು, “ಏಮಪ್ಪಾ, ದೇವುಡಿಗೆ ಪತ್ರ ಮಾಡ್ಸೋನ್ನ ನಿನ್ನೊಬ್ಬನ್ನೇ ಕಂಡಿದ್ದು. ನಮ್ಮೋರು ತಿರುಪತಿಗೆ ಹೋಗಿ ಕೂದ್ಲು ಕೊಟ್ಟು ಬರ್ತಾರೆ. ಅದಾದ್ರೆ ಮತ್ತೆ ಬೆಳೀತೈತೆ. ಪ್ರಾಣ ಕೊಟ್ರೆ ಬೆಳೀತೈತಾ?”

“ಬೆಳೆಯುತ್ತೆ ಅಂತಾನೇ ಅಲ್ವೇನಮ್ಮ ನಮ್ಮ ನಂಬಿಕೆ” ಅಂದರು ಆಶೀರ್ವಾದಪ್ಪ. ಆ ಮಾತು ಎಷ್ಟು ಮೆತ್ತಗೆ ಬಂತು ಅಂದರೆ, ಅಕ್ಕಯಮ್ಮ ಕೆನ್ನೆಯಿಂದ ಕೈ ತೆಗೆದರು.

ಇದೇ ಹೊತ್ತಿಗೆ ಮೇಘನ ಸ್ಲೇಟು ಇಟ್ಟು ಕೇಳಿಸಿಕೊಳ್ಳುತ್ತಿದ್ದದ್ದು. ಮಾರನೇ ಬೆಳಗ್ಗೆ ಇಡ್ಲಿಯ ಜೊತೆ ಆ ಪ್ರಶ್ನೆ ಬಂದದ್ದು ಹಾಗೆ. ಸಂಜೆ ಅವಳು ಅದನ್ನು ನೇರವಾಗಿ ಗ್ರೇಸಮ್ಮನವರಿಗೇ ಕೇಳಿದಳು. ಆಕೆ ಗಂಡನಿಗೆ ಮಾತ್ರೆ ಕೊಡಲು ಬಂದಿದ್ದರು.

“ನಮ್ಮನೇಲೇ ಕಣೇ ಪುಟ್ಟಿ. ದೇವರು ಇವರನ್ನ ತಗೊಂಡ್ರೂ ಊಟಕ್ಕೆ ನನ್ನ ಹತ್ರಾನೇ ವಾಪಸ್ ಕಳಿಸ್ತಾರೆ. ಮುದ್ದೆಗೆ ಬಿಸಿ ಇಲ್ಲ, ಸಾರಿಗೆ ಹುಳಿ ಇಲ್ಲ ಅಂತ ಇವರು ಅಲ್ಲಿ ಶುರು ಮಾಡಿದ್ರೆ ಸ್ವರ್ಗದೂತರು ಕೆಲಸ ಬಿಟ್ಟು ಹೋಗ್ತಾರೆ” ಅಂದವರು, “ಎಲ್ಲಿ, ಏನ್ ಬರ್ಕೊಟ್ಟಿದಾರೆ ನೋಡೋಣ” ಅಂತ ಪ್ರಿಂಟ್ ಕೈಗೆ ತಗೊಂಡರು.

ಮೂರನೇ ಪುಟದಲ್ಲಿ ನಿಂತರು. ಕನ್ನಡಕ ಸರಿ ಮಾಡಿಕೊಂಡು ಜೋರಾಗಿ ಓದಿದರು. “‘ಸದರಿ ಜೀವವನ್ನು ನನ್ನ ಜೀವಿತ ಕಾಲದವರೆಗೂ ನಾನೇ ಅನುಭವಿಸುವ ಹಕ್ಕನ್ನು ಉಳಿಸಿಕೊಂಡು, ನನ್ನ ಕಾಲಾನಂತರ ತಾವು ಸ್ವಾಧೀನಕ್ಕೆ ತೆಗೆದುಕೊಳ್ಳತಕ್ಕದ್ದು.’ ಏನ್ರೀ ಇದು?”

“ಅದು ಮಾಮೂಲಿ ಷರತ್ತು ಕಣೇ. ಎಲ್ಲಾ ದಾನಪತ್ರದಲ್ಲೂ ಇರುತ್ತೆ.”

“ಅಂದ್ರೆ ಸಾಯೋವರೆಗೂ ಜೀವ ನಿಮ್ಮದೇ. ಸತ್ತ ಮೇಲೆ ದೇವರಿಗೆ. ಅವರಿಗೆ ಸಿಗೋದು ಏನ್ರೀ? ಬರೀ ಹೆಣ! ಅದನ್ನ ನಿಮ್ಮ ಪತ್ರ ಇಲ್ದೇನೂ ತಗೋತಾರೆ!”

ಮರದ ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಅದು ನಗು ಅಂತ ಎಲ್ಲರಿಗೂ ಗೊತ್ತಾಯಿತು.

ನನಗೂ ನಗು ತಡೆಯಲಾಗಲಿಲ್ಲ. ಆದರೆ ಆಶೀರ್ವಾದಪ್ಪನವರು ನಗಲಿಲ್ಲ. ಹಾಳೆ ವಾಪಸ್ ಇಸ್ಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು. “ಮಕ್ಕಳಿಗೆ ಆಸ್ತಿ ಬರ್ಕೊಡೋಕೆ ಬಂದ ಎಷ್ಟೋ ಜನಕ್ಕೆ ಈ ಒಂದು ಸಾಲು ನಾನೇ ಸೇರಿಸಿದೀನಿ ಗ್ರೇಸಿ. ಬೇಡ ಬಿಡಿ ಸ್ವಾಮಿ, ಮಕ್ಕಳು ನೋಡ್ಕೋತಾರೆ ಅಂತಿದ್ರು. ಬೈದು ಸೇರಿಸ್ತಿದ್ದೆ. ಈ ಸಾಲು ಇದ್ದೋರು ಮನೇಲಿ ಉಳಿದ್ರು. ಇಲ್ದೋರಲ್ಲಿ ಕೆಲವರು ಇದೇ ಮರದ ಕೆಳಗೆ ಬಂದು ಅತ್ರು. ಪೂರ್ತಿ ಬಿಟ್ಟುಕೊಡಬೇಡಿ ಅಂತ ಊರಿಗೆಲ್ಲ ಹೇಳಿದ ಕೈ ಇದು. ಈಗ ಪೂರ್ತಿ ಬಿಟ್ಟುಕೊಡು ಅಂದ್ರೆ ಹೆಂಗೆ ಬರೀಲಿ?”

ಗ್ರೇಸಮ್ಮ ಮಾತ್ರೆ ಬಿಚ್ಚಿ ಅವರ ಅಂಗೈಗೆ ಹಾಕಿದರು. ಆಮೇಲೆ ಅಂದರು, “ಆ ಮಕ್ಕಳೂ ಈ ದೇವರೂ ಒಂದೇನಾ?”

ರಾತ್ರಿ ಕಳೆದು ಬಂದ ಆಶೀರ್ವಾದಪ್ಪನವರು ಆ ಸಾಲನ್ನು ಹೊಡೆದು ಹಾಕಿಸಿದರು. “ಡಿಲೀಟ್ ಮಾಡಮ್ಮ” ಅನ್ನುವಾಗ ಕಣ್ಣು ಮುಚ್ಚಿಕೊಂಡಿದ್ದರು, ಇಂಜೆಕ್ಷನ್‌ಗೆ ಮೇಘನ ಮುಚ್ಚುವ ಹಾಗೆ. ನಾನು ಅಳಿಸಿದೆ. ಕಣ್ಣು ತೆರೆದವರೇ ಜೇಬಿನಿಂದ ಇನ್ನೊಂದು ಚೀಟಿ ತೆಗೆದರು.

“ಆ ಜಾಗದಲ್ಲಿ ಇದನ್ನ ಸೇರಿಸು. ಸಣ್ಣದು.”

ಚೀಟಿಯ ತಲೆಬರಹ: “ಕೆಳಕಂಡವುಗಳನ್ನು ಹೊರತುಪಡಿಸಿ.”

ಒಂದು, ಭಾನುವಾರ ಮಧ್ಯಾಹ್ನದ ನಿದ್ದೆ. ಎರಡು, ಸಕ್ಕರೆ ಕಾಯಿಲೆ ಇದ್ದಾಗ್ಯೂ ವಾರಕ್ಕೊಂದು ಮೈಸೂರುಪಾಕು. ಮೂರು, ಬಾಮೈದ ಬಂದಾಗ ಪೇಪರ್ ಹಿಂದೆ ಮುಖ ಮುಚ್ಚಿಕೊಳ್ಳುವ ಹಕ್ಕು. ನಾಲ್ಕು, ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಹುಣಸೇಮರದ ಉತ್ತರ ಭಾಗದ ನೆರಳು, ಬಾಂದುಕಲ್ಲು ಸಮೇತ.

ಆ ನೆರಳಿನ ಕಥೆ ಹೇಳಲೇಬೇಕು. ಹನ್ನೊಂದು ವರ್ಷದ ಹಿಂದೆ ಕರೆಂಟ್ ತಂತಿಗೆ ತಾಗುತ್ತೆ ಅಂತ ಮರದ ದಕ್ಷಿಣದ ಕೊಂಬೆ ಕಡಿದರು. ಉಳಿದ ನೆರಳು ಒಂದೂವರೆ ಮೇಜಿಗೆ ಸಾಲುವಷ್ಟು. ಅಲ್ಲಿವರೆಗೆ ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದ ಇಬ್ಬರೂ ಅವತ್ತು ಟೇಪು ಹಿಡಿದರು. ನಾನು ಮೊದಲು ಬಂದವನು ಅಂತ ಆಶೀರ್ವಾದಪ್ಪನವರು ಪೂರ್ತಿ ಮೇಜಿನ ನೆರಳು ಅಳೆದುಕೊಂಡು, ಗಡಿಗೆ ಒಂದು ಬಾಂದುಕಲ್ಲು ನೆಟ್ಟರು. ಪ್ರತಿ ಕ್ರಿಸ್‌ಮಸ್‌ಗೆ ಮನೆಗೆ ಸುಣ್ಣ ಹೊಡೆಸುವಾಗ ಉಳಿದದ್ದನ್ನು ತಂದು ಆ ಕಲ್ಲಿಗೂ ಬಳಿಯುತ್ತಾರೆ. ಮುನಿಶಾಮಿಯವರ ಮೇಜು ಅರ್ಧ ನೆರಳಲ್ಲಿ, ಅರ್ಧ ಬಿಸಿಲಲ್ಲಿ. ಹನ್ನೊಂದು ವರ್ಷದಲ್ಲಿ ಅವರ ಬಲಗೈ ಎಡಗೈಗಿಂತ ಎರಡು ಬಣ್ಣ ಕಪ್ಪಾಗಿದೆ. ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದರೆ ಬೇರೆ ಬೇರೆ ಮನುಷ್ಯರ ಕೈ ಅನಿಸುತ್ತದೆ.

ನಾನು ನಾಲ್ಕನ್ನೂ ಟೈಪ್ ಮಾಡಿಕೊಟ್ಟೆ. ಸರಿ ತಪ್ಪು ಹೇಳುವುದು ನನ್ನ ಕೆಲಸ ಅಲ್ಲ.

ಪತ್ರ ತಗೊಂಡು ಶುಕ್ರವಾರ ಗಂಡ ಹೆಂಡತಿ ಪಾಸ್ಟರ್ ಮನೆಗೆ ಹೋದರು. ದಾನಪತ್ರ ಅಂದ ಮೇಲೆ ಪಡೆಯುವವರ ಕಡೆಯಿಂದ ಒಪ್ಪಿಗೆ ಬೇಕಲ್ಲ, ಅವರ ಪರವಾಗಿ ಸಹಿ ಹಾಕಿಸಲಿಕ್ಕೆ. ಅಲ್ಲಿ ನಡೆದದ್ದನ್ನು ಗ್ರೇಸಮ್ಮ ನನಗೆ ಹೇಳಿದ್ದು, ಅಂಗಡಿಯ ಸ್ಟೂಲ್ ಮೇಲೆ ಕೂತು, ಅವರೆಕಾಯಿ ಸುಲಿಯುತ್ತಾ.

“ಪಾಸ್ಟರ್ ಪಾಪ, ಮೊದಲು ನಗಲಿಲ್ಲ. ಚಕ್ಕುಬಂದಿ ಬಂದಾಗ ಒಳಗೆ ಹೋಗಿ ನೀರು ಕುಡಿದು ಬಂದ್ರು. ಮೈಸೂರುಪಾಕು ಬಂದಾಗ ಇನ್ನೊಂದ್ಸಲ ಕುಡಿದು ಬಂದ್ರು. ಕೊನೇಗೆ ಹಾಳೆ ಮಡಚಿ, ‘ಇದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ ಸಾರ್. ಆ ಕಡೆ ಸಹಿ ಯಾವತ್ತೋ ಆಗಿದೆ, ಶಿಲುಬೆ ಮೇಲೆ. ಅವರು ಯಾವ ಷರತ್ತೂ ಹಾಕಲಿಲ್ಲ. ಏನನ್ನೂ ಹೊರತುಪಡಿಸಲೂ ಇಲ್ಲ’ ಅಂದ್ರು.”

“ಸಾರ್ ಏನಂದ್ರು?”

“‘ಹಂಗಾದ್ರೆ ನನ್ನ ಕಡೆಯಿಂದ ಏನು ಬಾಕಿ?’ ಅಂದ್ರು. ಪಾಸ್ಟರ್, ‘ಕಾಗದ ಏನೂ ಬಾಕಿ ಇಲ್ಲ. ಸ್ವಾಧೀನ ಕೊಡೋದೊಂದೇ. ಒಂದೇ ದಿನಕ್ಕೆ ಪೂರ್ತಿ ಮನೆ ಖಾಲಿ ಮಾಡೋಕಾಗದಿದ್ರೆ ಒಂದು ರೂಮಿನ ಕೀ ಆದ್ರೂ ಕೊಡಿ’ ಅಂದ್ರು. ದಾರೀಲಿ ಬರ್ತಾ ಇವರು ಒಂದು ಮಾತಾಡಲಿಲ್ಲ ಶ್ಯಾಮಲಾ. ನಲವತ್ತು ವರ್ಷದಲ್ಲಿ ಮೊದಲನೇ ಸಲ. ನನಗೇ ಭಯ ಆಗಿ ಮೈಸೂರುಪಾಕು ಬೇಕೇನ್ರೀ ಅಂದೆ. ಬೇಡ ಅಂದ್ರು!”

ಮೈಸೂರುಪಾಕು ಬೇಡ ಅಂದದ್ದು ಕೇಳಿ ನನಗೂ ಭಯವಾಯಿತು.

ಶನಿವಾರ ಆಫೀಸಿನಲ್ಲಿ ನೂಕುನುಗ್ಗಲು. ಆಶೀರ್ವಾದಪ್ಪನವರು ಬಂದರು, ತಮ್ಮ ಮೇಜಿನ ಮುಂದೆ ಕೂತರು, ಪೆನ್ನಿನ ಮುಚ್ಚಳ ಮಾತ್ರ ತೆಗೆಯಲಿಲ್ಲ. ಬಿಸಿಲು ಏರಿತು. ಚಳಿಗಾಲದ ಬಿಸಿಲು ಅಂತ ಹೆಸರಿಗೆ, ಹನ್ನೆರಡು ಗಂಟೆಗೆ ತಲೆ ಕಾಯುತ್ತದೆ. ಮುನಿಶಾಮಿಯವರು ಮಾಸ್ತಿಯಿಂದ ಬಂದ ಯಾರದೋ ಕ್ರಯಪತ್ರ ಬರೆಯುತ್ತಾ, ಬಲಗೈ ಮೇಲೆ ಕರವಸ್ತ್ರ ಹಾಕಿಕೊಂಡಿದ್ದರು. ಬರೆದಂತೆಲ್ಲ ಅದು ಜಾರುತ್ತಿತ್ತು. ಎತ್ತಿ ಹಾಕಿಕೊಳ್ಳುವರು. ಮತ್ತೆ ಜಾರುವುದು. ಆಶೀರ್ವಾದಪ್ಪನವರು ಎಂದೂ ತಿರುಗದ ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದರು. ಎಷ್ಟು ಸಲ ಜಾರಿತು ಅಂತ ಎಣಿಸುತ್ತಿದ್ದರೋ ಏನೋ, ತುಟಿ ಅಲ್ಲಾಡುತ್ತಿತ್ತು.

ಸಂಜೆ ಆಫೀಸು ಮುಚ್ಚಿತು. ಮುನಿಶಾಮಿಯವರು ಹೋದರು. ಆಶೀರ್ವಾದಪ್ಪನವರು ಎದ್ದು ಬಾಂದುಕಲ್ಲಿನ ಹತ್ತಿರ ಹೋಗಿ ಬಗ್ಗಿದರು. ಹಿಡಿದು ಅಲ್ಲಾಡಿಸಿದರು. ಸ್ವತಃ ನೆಟ್ಟ ಕಲ್ಲು, ಗಟ್ಟಿಯಾಗಿ ನೆಟ್ಟಿದ್ದರು. ಬರಲಿಲ್ಲ. ಬೆನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತರು. ಕೈಯಲ್ಲೆಲ್ಲ ಸುಣ್ಣ. ನಾನು ನೀರು ಕೊಟ್ಟೆ. ಮೇಘನ ಅವರ ಪಂಚೆಗೆ ಅಂಟಿದ ಮಣ್ಣು ಒರೆಸಿದಳು.

ಆ ನಾಲ್ಕು ಹಾಳೆಯನ್ನು ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟರು. “ಇದರ ಹಿಂಭಾಗ ಖಾಲಿ ಇದೆ. ಮಗು ಲೆಕ್ಕ ಮಾಡ್ಲಿ.”

“ನಾಳೆ ಆರಾಧನೆ ಅಲ್ವಾ ಸಾರ್? ಹೇಳಿಕೊಡ್ತೀರಾ?”

“ಹೇಳಿಕೊಡ್ಬೇಕು ಅಂತಾನೇ ಇದೀನಿ.” ಲೋಟ ಕೆಳಗಿಟ್ಟರು. “ಶ್ಯಾಮಲಮ್ಮ, ನನಗೊಂದು ಉಪಕಾರ ಮಾಡ್ಬೇಕು.”

“ಹೇಳಿ ಸಾರ್.”

“ಈಗ ನಾನು ಆ ಕಡೆ ತಿರುಗಿ ಮನೆಗೆ ಹೋಗ್ತೀನಿ. ಹಿಂದೆ ನೋಡಲ್ಲ. ನಾನು ಮೂಲೆ ತಿರುಗಿದ ಮೇಲೆ, ನೀನು ಯಾರನ್ನಾದ್ರೂ ಕರೆದು ಆ ಕಲ್ಲು ಕೀಳಿಸ್ಬಿಡು. ನನ್ನ ಮೇಜನ್ನ ಬಿಸಿಲ ಕಡೆ ಎಳೆದು, ಮುನಿಶಾಮಿ ಮೇಜನ್ನ ನೆರಳಿಗೆ ಹಾಕು. ನನ್ನ ಕೈಲಿ ಮಾಡ್ಸಬೇಡ ತಾಯಿ. ನಾನೇ ಎಳೆದ್ರೆ ಎಲ್ಲೋ ಒಂದು ಅರ್ಧ ಅಡಿ ಉಳಿಸ್ಕೊಂಡ್‌ಬಿಡ್ತೀನಿ.”